ಭಾನುವಾರ ಮಕ್ಕಳ ಜೊತೆ ಬಾತ್ ಬಾಂಬ್, ಸ್ಕ್ರಬ್ ತಯಾರಿ: ದಯವಿಟ್ಟು ಪೂರ್ತಿ ಓದಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 10 ಗಂಟೆಗೆ ಮಕ್ಕಳ ಜೊತೆ ಬಾತ್ ಬಾಂಬ್ (ಸ್ನಾನದ ನೀರಿಗೆ ಹಾಕಿದರೆ ಬುಸ್ಸೆಂದು ಕರಗುವ ಉಂಡೆ) ಮತ್ತು ಸಕ್ಕರೆ ಸ್ಕ್ರಬ್ (ಚರ್ಮಕ್ಕೆ ಉಜ್ಜಿ ತೊಳೆಯುವ ಮಿಶ್ರಣ) ಮಾಡುತ್ತಿದ್ದೇವೆ. 5 ವರ್ಷ ದಾಟಿದವರಿಗೆ ಮಾತ್ರ, ಜೊತೆಗೆ ಮನೆಯ ದೊಡ್ಡವರೊಬ್ಬರು ಇರಲೇಬೇಕು.

ಬಾತ್ ಬಾಂಬ್‌ಗೆ 2 ಕಪ್ ಅಡುಗೆ ಸೋಡಾ, 1 ಕಪ್ ಸಿಟ್ರಿಕ್ ಆಸಿಡ್. ನೀರು ಸುರಿಯಬೇಡಿ, ಸ್ಪ್ರೇ ಬಾಟಲಿಯಿಂದ ಸ್ವಲ್ಪ ಸ್ವಲ್ಪವೇ ಚಿಮುಕಿಸಿ. ಜಾಸ್ತಿಯಾದರೆ ಬಟ್ಟಲಲ್ಲೇ ಬುಸ್ಸೆಂದು ನೊರೆ ಬಂದು ಕಥೆ ಮುಗಿಯುತ್ತದೆ. ಮುಷ್ಟಿಯಲ್ಲಿ ಹಿಂಡಿದಾಗ ಉಂಡೆ ಒಡೆಯದೆ ನಿಂತರೆ ಹದ ಸರಿ. ಸಿಟ್ರಿಕ್ ಆಸಿಡ್ ಕಣ್ಣಿಗೋ ಗಾಯಕ್ಕೋ ತಾಗಿದರೆ ಉರಿ ತಡೆಯೋಕಾಗಲ್ಲ, ಹಾಗಾಗಿ ಅಳೆದು ಬೆರೆಸುವ ಕೆಲಸ ದೊಡ್ಡವರದು, ಗ್ಲೌಸ್ ಹಾಕಿ ಉಂಡೆ ಕಟ್ಟುವುದು ಮಕ್ಕಳದು. ಅವರಿಗೆ ಬೇಕಿರೋದೂ ಅದೇ ಅಲ್ವಾ!

ಸ್ಕ್ರಬ್ ಸುಲಭ: ಸಕ್ಕರೆ, ಅದರ ಅರ್ಧದಷ್ಟು ಕೊಬ್ಬರಿ ಎಣ್ಣೆ. ಕೈಕಾಲಿಗೆ ಮಾತ್ರ, ಮುಖಕ್ಕೆ ಬೇಡ. ಒದ್ದೆ ಚಮಚ ಹಾಕಿದರೆ ಬೇಗ ಕೆಡುತ್ತದೆ. ಹಚ್ಚಿ ತೊಳೆದ ಮೇಲೆ ಬಚ್ಚಲು ಜಾರುತ್ತದೆ, ಹುಷಾರು.

ಪರಿಮಳದ ಎಣ್ಣೆ, ಬಾದಾಮಿ ಎಣ್ಣೆ ತರಬೇಡಿ. ಮುಚ್ಚಳವಿರುವ ಒಣ ಡಬ್ಬಿ, ಹಳೇ ಶರ್ಟ್ ಸಾಕು. ಡಬ್ಬಿ ಮೇಲೆ ಹೆಸರು ಬರೆಯಿರಿ, ನೋಡೋಕೆ ಮಿಠಾಯಿ ಥರ ಇರೋದರಿಂದ ಸಣ್ಣವರು ಬಾಯಿಗೆ ಹಾಕಿಕೊಳ್ಳಬಹುದು.

ಬರುವವರು ಶುಕ್ರವಾರದೊಳಗೆ ಮಗುವಿನ ವಯಸ್ಸು, ಅಲರ್ಜಿ ಇದ್ದರೆ ಅದನ್ನೂ ಇಲ್ಲೇ ತಿಳಿಸಿ. ಸುಮ್ನೆ ಹೆಬ್ಬೆರಳು ಒತ್ತಿದರೆ ಲೆಕ್ಕ ಸಿಗಲ್ಲ.