ತೂತಿನ ಎಲೆಯ ಗಿಡ ಕೇಳಿದ್ದೆ, ಬಂದಿದ್ದು ಬೇರೆ

ಬೆಂಗಳೂರು
10 ಮಾರ್ಚ್ 2025

ಗೆ,
ಗ್ರಾಹಕ ಸೇವಾ ವಿಭಾಗದವರಿಗೆ

ವಿಷಯ: ಮಾನ್‌ಸ್ಟೆರಾ ಎಂದು ಹೇಳಿ ಸೆಲ್ಲೋಮ್ ಎಂಬ ಬೇರೆ ಗಿಡ ಕಳಿಸಿದ ಬಗ್ಗೆ ದೂರು

ಮಾನ್ಯರೇ,

ಕಳೆದ ಜುಲೈನಲ್ಲಿ ನಿಮ್ಮ ಆನ್‌ಲೈನ್ ನರ್ಸರಿಯಿಂದ ಒಂದು ಮಾನ್‌ಸ್ಟೆರಾ ಡೆಲಿಸಿಯೋಸಾ, ಅಂದರೆ ಎಲೆಯಲ್ಲಿ ತೂತು ಬೀಳುವ ಬಳ್ಳಿ ಗಿಡ, ತರಿಸಿದ್ದೆ. ಗಿಡಕ್ಕೆ 1,450 ರೂಪಾಯಿ. ಹಬ್ಬಲಿಕ್ಕೆ ಬೇಕೇ ಬೇಕು ಅಂತ ನೀವು ಜೊತೆಗೆ ಕೊಟ್ಟ ತೆಂಗಿನ ನಾರಿನ ಕೋಲಿಗೆ 380. ಎಂಟು ತಿಂಗಳಾಯಿತು. ಕೋಲು ಇವತ್ತಿಗೂ ಕುಂಡದಲ್ಲಿ ಬೋಳಾಗಿ ನಿಂತಿದೆ. ನೀವು ಕಟ್ಟಿ ಕಳಿಸಿದ ಹಸಿರು ದಾರವೂ ಹಾಗೇ ಇದೆ.

ಗಿಡ ಬಂದ ದಿನ ಅದಕ್ಕೆ ನಾಲ್ಕು ಎಲೆ ಇದ್ದವು. ಅಂಚು ಅಲ್ಲಲ್ಲಿ ಸೀಳಿತ್ತು, ಆದರೆ ನಿಮ್ಮ ಫೋಟೊದಲ್ಲಿದ್ದ ತೂತು ಒಂದೂ ಇರಲಿಲ್ಲ. ಆವತ್ತೇ ವಾಟ್ಸಾಪ್‌ನಲ್ಲಿ ಕೇಳಿದೆ. ‘ಮೇಡಂ, ಇನ್ನೂ ಎಳೆ ಗಿಡ, ಬೆಳೀತಾ ತೂತು ಬೀಳುತ್ತೆ, ವೇಟ್ ಮಾಡಿ’ ಅಂದಿರಿ. ಎಳೆ ಮಾನ್‌ಸ್ಟೆರಾದ ಎಲೆಯಲ್ಲಿ ತೂತಿರುವುದಿಲ್ಲ ಅನ್ನುವುದು ನಿಜವೇ, ಅದಕ್ಕೇ ನಂಬಿದೆ. ಅಷ್ಟರಲ್ಲಿ ವಾಪಸ್ ಮಾಡಲು ನೀವು ಕೊಡುವ ಏಳು ದಿನದ ಗಡುವು ಮುಗಿದುಹೋಯಿತು.

ಜೊತೆಗೆ ಬಂದ ಕಾರ್ಡಿನಲ್ಲಿ ‘ಬೆಳಕು ಬೇಕಿಲ್ಲ, ಹಾಲ್‌ನ ಮೂಲೆಯಲ್ಲಿಡಿ’ ಎಂದಿತ್ತು. ಇಟ್ಟೆ. ಎರಡು ತಿಂಗಳಲ್ಲಿ ತೊಟ್ಟುಗಳು ಉದ್ದುದ್ದ ಬೆಳೆದು, ಇಡೀ ಗಿಡ ಕಿಟಕಿ ಕಡೆಗೆ ವಾಲಿಕೊಂಡಿತು. ಟಿವಿ ನೋಡುವಾಗ ಯಾರೋ ಪಕ್ಕದಲ್ಲಿ ಬಗ್ಗಿ ನಿಂತ ಹಾಗೆ ಅನಿಸುತ್ತಿತ್ತು. ಬಾಲ್ಕನಿಗೆ, ಬೆಳಗಿನ ಬಿಸಿಲಿಗೆ ಹಾಕಿದ ಮೇಲೆ ಚೇತರಿಸಿಕೊಂಡಿತು. ಅಂದಹಾಗೆ, ನಿಜವಾದ ಮಾನ್‌ಸ್ಟೆರಾಗೂ ಒಳ್ಳೆ ಬೆಳಕು ಬೇಕು. ಆ ಕಾರ್ಡು ಎರಡು ಗಿಡಕ್ಕೂ ತಪ್ಪೇ.

ಈಗ ಎಲೆಗಳು ಒಂದೂವರೆ ಅಡಿ ಆಗಿವೆ, ಗಿಡ ನಾಲ್ಕು ಅಡಿ ಅಗಲಕ್ಕೆ ಹರಡಿದೆ. ಬಟ್ಟೆ ಒಣಹಾಕಲು ಹೋಗುವವರು ಅಡ್ಡಡ್ಡ ನಡೆಯಬೇಕು. ತೂತು ಮಾತ್ರ ಇಲ್ಲ. ಹೋದ ತಿಂಗಳು ಲಾಲ್‌ಬಾಗ್ ಹತ್ತಿರ ಸಿದ್ದಾಪುರದ ಒಂದು ನರ್ಸರಿಗೆ ಒಂದು ಎಲೆ ಕೊಯ್ದುಕೊಂಡು ಹೋದೆ. ಅಲ್ಲಿನ ಹಿರಿಯರೊಬ್ಬರು ಕೈಗೆ ತೆಗೆದುಕೊಳ್ಳುವ ಮೊದಲೇ ‘ಇದು ಸೆಲ್ಲೋಮ್ ಅಲ್ವಾ ಅಮ್ಮಾ’ ಅಂದರು. ಆಮೇಲೆ ತಮ್ಮಲ್ಲಿದ್ದ ಮಾನ್‌ಸ್ಟೆರಾದ ತೊಟ್ಟು ತೋರಿಸಿದರು. ತೊಟ್ಟು ಎಲೆಗೆ ಸೇರುವಲ್ಲಿ ಮೊಣಕೈ ಚರ್ಮದ ಹಾಗೆ ಸುಕ್ಕುಗಟ್ಟಿದ ಗಂಟಿತ್ತು. ಎಲೆ ಬೆಳಕಿಗೆ ತಿರುಗುವುದು ಅಲ್ಲಿಂದಲೇ ಅಂತೆ. ನನ್ನ ಎಲೆಯ ತೊಟ್ಟು ಅಲ್ಲಿ ನುಣ್ಣಗಿತ್ತು. ಮನೆಗೆ ಬಂದು ಬುಡ ನೋಡಿದೆ. ಉದುರಿದ ಎಲೆಗಳ ಗುರುತು ಕಾಂಡದ ಮೇಲೆ ಕಣ್ಣಿನ ಆಕಾರದಲ್ಲಿ ಮೂಡಿತ್ತು. ಅದೂ ಸೆಲ್ಲೋಮ್‌ನದೇ ಗುರುತು.

ಮಾನ್‌ಸ್ಟೆರಾ ದಕ್ಷಿಣ ಮೆಕ್ಸಿಕೋದಿಂದ ಪನಾಮಾವರೆಗಿನ ಕಾಡಿನ ಬಳ್ಳಿ. ಬಿಳಲು ಬಿಟ್ಟು ಮರ ಹತ್ತುತ್ತದೆ, ಅದಕ್ಕೆ ಕೋಲು ಬೇಕು. ಬ್ರೆಜಿಲ್ ಕಡೆಯ ಸೆಲ್ಲೋಮ್ ತನ್ನ ಕಾಂಡದ ಮೇಲೆ ತಾನೇ ನಿಂತು ಸುತ್ತಲೂ ಹರಡುತ್ತದೆ. ಅದಕ್ಕೆ ಕೋಲು ಯಾಕೆ ಮಾರಿದಿರಿ? ಎರಡಕ್ಕೂ ‘ಸ್ಪ್ಲಿಟ್ ಲೀಫ್’ ಎಂಬ ಒಂದೇ ರೂಢಿ ಹೆಸರಿದೆ, ಗೊಂದಲ ಆಗಬಹುದು, ಒಪ್ಪುತ್ತೇನೆ. 2018ರಲ್ಲಿ ಸೆಲ್ಲೋಮ್ ಅನ್ನು ಫಿಲೋಡೆಂಡ್ರಾನ್ ಗುಂಪಿನಿಂದ ತೆಗೆದು ಥೌಮಟೋಫಿಲಮ್ ಗುಂಪಿಗೆ ಹಾಕಿದ್ದೂ ಗೊತ್ತು. ಯಾವ ಗುಂಪಿಗೆ ಹಾಕಿದರೂ ಅದು ಮಾನ್‌ಸ್ಟೆರಾ ಆಗುವುದಿಲ್ಲ. ನೀವು ಹಾಕಿದ್ದ ಫೋಟೊದಲ್ಲಂತೂ ಎಲೆಯ ನಡುನರದ ಪಕ್ಕ ಸಾಲು ತೂತು ಎದ್ದು ಕಾಣುತ್ತಿತ್ತು.

ಇನ್ನೊಂದು ಮಾತು. ಎರಡೂ ನಮ್ಮ ಕೆಸುವಿನ ಕುಟುಂಬದವೇ. ಹಸಿ ಕೆಸು ಬಾಯಿ ತುರಿಸುವುದು ನಮ್ಮ ಮಲೆನಾಡಿನ ಮಕ್ಕಳಿಗೂ ಗೊತ್ತು. ಇದರ ಎಲೆ ಕಚ್ಚಿದರೂ ಹಾಗೇ, ಬಾಯಿ ಗಂಟಲು ಉರಿಯುತ್ತದೆ. ನನ್ನ ಮೊಮ್ಮಗನಿಗೆ ಎರಡು ವರ್ಷ, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಾನೆ. ಕಾರ್ಡಿನಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ.

ಫೆಬ್ರವರಿಯಲ್ಲಿ ಎರಡು ಸಲ ಫೋನ್ ಮಾಡಿದೆ. ಎರಡೂ ಸಲ ‘ಏಳು ದಿನ ಆಯ್ತು’ ಅನ್ನುವ ಒಂದೇ ಉತ್ತರ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದ ವಸ್ತುವನ್ನು ಮಾರಿದವರು ವಾಪಸ್ ತೆಗೆದುಕೊಳ್ಳಲು ನಿರಾಕರಿಸುವಂತಿಲ್ಲ. ಅದೂ ಅಲ್ಲದೆ ಮೊದಲ ದಿನವೇ ಕೇಳಿದವಳಿಗೆ ‘ಕಾಯಿರಿ’ ಅಂದವರು ನೀವೇ.

ಗಿಡವನ್ನು ನಾನು ವಾಪಸ್ ಕೊಡುವುದಿಲ್ಲ. ಅದರದೇನು ತಪ್ಪು? ಎಂಟು ತಿಂಗಳು ನೀರು ಹಾಕಿ, ಎಲೆ ಒರೆಸಿ ಸಾಕಿದ್ದೇನೆ. ನೀವು ಕಳಿಸಿದಷ್ಟೇ ದೊಡ್ಡ ಸೆಲ್ಲೋಮ್ ಸಿದ್ದಾಪುರದಲ್ಲಿ 200 ರೂಪಾಯಿಗೆ ಸಿಗುತ್ತದೆ. ಹಾಗಾಗಿ ಮಿಕ್ಕ 1,250 ಮತ್ತು ಕೋಲಿನ 380, ಒಟ್ಟು 1,630 ರೂಪಾಯಿ ನನ್ನ ಖಾತೆಗೆ ಹಾಕಿ. ನಿಮ್ಮ ಆನ್‌ಲೈನ್ ನರ್ಸರಿಯಲ್ಲಿ ಈ ಗಿಡ ಮಾರುವ ಪುಟದ ಫೋಟೊ, ಹೆಸರು, ಕಾರ್ಡು ಸರಿಮಾಡಿ. ನಿನ್ನೆ ನೋಡಿದಾಗಲೂ ಅದೇ ಫೋಟೊ ಇತ್ತು. 15 ದಿನದೊಳಗೆ ಉತ್ತರ ಬರದಿದ್ದರೆ 1915ಕ್ಕೆ ಫೋನ್ ಮಾಡಿ ಗ್ರಾಹಕ ಸಹಾಯವಾಣಿಯಲ್ಲಿ ದೂರು ಕೊಡುತ್ತೇನೆ.

ಬಿಲ್ಲು, ವಾಟ್ಸಾಪ್ ಮಾತುಕತೆ, ತೊಟ್ಟಿನ ಮತ್ತು ಬುಡದ ಫೋಟೊಗಳನ್ನು ಇದರ ಜೊತೆ ಇಟ್ಟಿದ್ದೇನೆ. ಕೋಲು ಹೊಸದರಂತೆಯೇ ಇದೆ, ಬೇಕಾದರೆ ಯಾರನ್ನಾದರೂ ಕಳಿಸಿ. ಭಾನುವಾರ ಬೇಡ.

ಇಂತಿ,
ನಿಮ್ಮ ಗ್ರಾಹಕಿ