ಮಣಿಕಟ್ಟು ಹಿಡಿದು ಕಲಿಸಿದವರಿಗೆ

ನಾನು ಕಣ್ಣಿನ ಕ್ಲಿನಿಕ್ಕೊಂದರಲ್ಲಿ ಟೆಕ್ನೀಷಿಯನ್ ಆಗಿ ಸೇರಿದ ಮೊದಲ ತಿಂಗಳಲ್ಲಿ, ರಜೆಯ ಮೇಲಿದ್ದವರ ಬದಲಿಗೆ ಎರಡೇ ದಿನ ಕೆಲಸಕ್ಕೆ ಬಂದಿದ್ದ ಹಿರಿಯ ಸಹೋದ್ಯೋಗಿಯೊಬ್ಬರಿಗೆ ಈ ಧನ್ಯವಾದ ಸಲ್ಲಬೇಕು. ಅವರ ಹೆಸರನ್ನು ಕೇಳಿಟ್ಟುಕೊಳ್ಳಲಿಲ್ಲವೆಂಬ ಕೊರಗು ನನಗೆ ಇಂದಿಗೂ ಇದೆ.

ಅಂದು ಪೊರೆಯ ಶಸ್ತ್ರಚಿಕಿತ್ಸೆಗೆ ಬಂದಿದ್ದ ವಯಸ್ಸಾದ ರೈತರೊಬ್ಬರಿಗೆ ನಾನು ಎ-ಸ್ಕ್ಯಾನ್, ಅಂದರೆ ಶಬ್ದತರಂಗದಿಂದ ಕಣ್ಣಿನ ಉದ್ದ ಅಳೆಯುವ ಪರೀಕ್ಷೆ, ಮಾಡುತ್ತಿದ್ದೆ. ಮರಗಟ್ಟಿಸುವ ಹನಿ ಹಾಕಿ, ಅಳೆಯುವ ಕಡ್ಡಿಯಂಥ ಪ್ರೋಬನ್ನು ಕಾರ್ನಿಯಾಕ್ಕೆ (ಕಣ್ಣಿನ ಮುಂದಿನ ಪಾರದರ್ಶಕ ಪದರಕ್ಕೆ) ತಾಗಿಸಿ ಕಣ್ಣುಗುಡ್ಡೆಯ ಉದ್ದ ಅಳೆದರೆ ಒಮ್ಮೆ 22.9 ಮಿ.ಮೀ., ಮತ್ತೊಮ್ಮೆ 22.3. ಸರಾಸರಿ ತೆಗೆದು ಬರೆದುಬಿಡುವವಳಿದ್ದೆ. ಆ ಹಿರಿಯ ಸಹೋದ್ಯೋಗಿ ಗದರಲಿಲ್ಲ, ಹಿಂದಿನಿಂದ ಬಂದು ನನ್ನ ಮಣಿಕಟ್ಟನ್ನು ಎರಡು ಬೆರಳಲ್ಲಿ ಹಿಡಿದು, "ಒತ್ತಬೇಡಮ್ಮಾ, ಮುಟ್ಟಿದರೆ ಸಾಕು" ಎಂದರು. ನನ್ನ ಕಿರುಬೆರಳನ್ನು ರೋಗಿಯ ಕೆನ್ನೆಯ ಮೇಲೆ ಊರಿಸಿದ ಕೂಡಲೇ ಕೈಯ ನಡುಕ ನಿಂತಿತು, ಅಳತೆಗಳೂ ಒಂದಕ್ಕೊಂದು ಹೊಂದಿದವು.

ಒತ್ತಿದಾಗ ಕಣ್ಣು ಇರುವುದಕ್ಕಿಂತ ಗಿಡ್ಡವಾಗಿ ತೋರುತ್ತದೆ, 1 ಮಿ.ಮೀ. ತಪ್ಪಿದರೂ ಒಳಗೆ ಕೂರಿಸುವ ಲೆನ್ಸಿನ ಪವರ್ ಸುಮಾರು ಎರಡೂವರೆ ಡಯಾಪ್ಟರಿನಷ್ಟು (ಲೆನ್ಸಿನ ಪವರ್ ಅಳೆಯುವ ಮಾನ) ಹೆಚ್ಚಾಗಿ, ಶಸ್ತ್ರಚಿಕಿತ್ಸೆ ಎಷ್ಟೇ ಚೆನ್ನಾಗಿ ಆದರೂ ದೂರದ್ದು ಮಸುಕಾಗಿಯೇ ಉಳಿಯುತ್ತದೆ ಎಂಬುದನ್ನು ಅವರು ಊಟದ ಬಿಡುವಿನಲ್ಲಿ ಕಾಗದದ ಮೇಲೆ ಬರೆದು ತಿಳಿಸಿದರು. ಪಠ್ಯದಲ್ಲಿ ಓದಿದ್ದೆ, ನಿಜ. ಕೈಗೆ ಅದು ಗೊತ್ತಿರಲಿಲ್ಲ. ಪಾಪೆ ಹಿಗ್ಗಿಸುವ ಹನಿ ಹಾಕುವ ಮೊದಲೇ ಕಣ್ಣಿನ ಒತ್ತಡ ನೋಡಬೇಕು, ಪಕ್ಕದಿಂದ ಟಾರ್ಚು ಹಿಡಿದು ಕಣ್ಣಿನ ಮುಂಭಾಗದ ಆಳವನ್ನು ಅಂದಾಜಿಸಬೇಕೆಂದೂ ಹೇಳಿಕೊಟ್ಟರು.

ಶಸ್ತ್ರಚಿಕಿತ್ಸೆಯಾದ ಕೆಲವು ವಾರಗಳ ನಂತರ ಆ ರೈತರು 6 ಮೀಟರ್ ದೂರದ ಫಲಕದಲ್ಲಿ 6/9ರ ಸಾಲನ್ನು (ಸಾಮಾನ್ಯ ದೃಷ್ಟಿಯವರು 9 ಮೀಟರ್ ದೂರದಿಂದ ಓದಬಲ್ಲ ಸಾಲು) ಕನ್ನಡಕವಿಲ್ಲದೆ ಓದಿದರು. ಅಂದು ನೀವು ಅಲ್ಲಿರಬೇಕಿತ್ತು, ಮೇಡಂ. ತುಂಬು ಹೃದಯದ ಧನ್ಯವಾದಗಳು.