ಒಂಬತ್ತು ಬಿಡಿಭಾಗದ ಕಂಪ್ಯೂಟರಿಗೆ ಒಂದೇ ಸಾಲಿನ ಬಿಲ್ಲು

ಮಾನ್ಯ ಸಂಪಾದಕರೇ,

ಮಕ್ಕಳಿಗೆ ಮೊದಲ ಬಾರಿಗೆ ಗೇಮಿಂಗ್ ಕಂಪ್ಯೂಟರ್ ಕೊಡಿಸಲು ಹೊರಟ ಬೆಂಗಳೂರಿನ ತಂದೆ ತಾಯಂದಿರಲ್ಲಿ ಹೆಚ್ಚಿನವರು ಒಮ್ಮೆಯಾದರೂ ಎಸ್‌.ಪಿ. ರಸ್ತೆಗೆ ಹೋಗಿಯೇ ಹೋಗುತ್ತಾರೆ. ಸಾದರ ಪತ್ರಪ್ಪ ರಸ್ತೆ ಎಂಬ ಅದರ ಪೂರ್ತಿ ಹೆಸರನ್ನು ಈಗ ಬಳಸುವವರು ಕಡಿಮೆ. ಪುರಭವನದ ಬಳಿ ಇಳಿದು ‘ಎಸ್‌.ಪಿ. ರೋಡ್’ ಎಂದರೆ ಯಾರಾದರೂ ದಾರಿ ತೋರಿಸುತ್ತಾರೆ. ಕಳೆದ ವರ್ಷ ನಾನೂ ಮಗನನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆ. ಬ್ಯಾಂಕಿನಲ್ಲಿ 26 ವರ್ಷ ಕೆಲಸ ಮಾಡಿ, ಒಂದು ರೂಪಾಯಿ ತಾಳೆಯಾಗದಿದ್ದರೆ ರಾತ್ರಿಯವರೆಗೆ ವೋಚರ್ ತಿರುವಿ ಹಾಕಿದ ನಾನು, ಅಂದು ₹72,000 ಎಣಿಸಿ ಕೊಟ್ಟು, ‘ಅಸೆಂಬಲ್ಡ್ ಗೇಮಿಂಗ್ ಪಿಸಿ – 1’ ಎಂದು ಒಂದೇ ಸಾಲು ಬರೆದಿದ್ದ ಬಿಲ್ಲನ್ನು ಮಡಚಿ ಪರ್ಸಿಗೆ ಹಾಕಿಕೊಂಡು ಬಂದೆ. ಆ ಒಂದು ಸಾಲಿನ ಬಗ್ಗೆಯೇ ಈ ಪತ್ರ.

ಮಗ ಪಟ್ಟಿ ಬರೆದುಕೊಂಡೇ ಬಂದಿದ್ದ. ರೈಜನ್ 5 5600 ಪ್ರೊಸೆಸರ್, 12 ಜಿಬಿಯ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ‍್ಯಾಮ್, 165 ಹರ್ಟ್ಸ್ (ಸೆಕೆಂಡಿಗೆ 165 ಸಲ ಚಿತ್ರ ಬದಲಿಸುವ) ಮಾನಿಟರ್; ಎಲ್ಲವೂ ಚೌಕಾಸಿ ಮಾಡಿ ಆರಿಸಿದ್ದೇ. ಅವನ ಪಟ್ಟಿಯಲ್ಲಿ ಇಲ್ಲದಿದ್ದದ್ದು ಎಸ್‌ಎಂಪಿಎಸ್ ಒಂದೇ. ಕೇಳಿದ್ದಕ್ಕೆ ಅಂಗಡಿಯವರು, “ಅದು ಕ್ಯಾಬಿನೆಟ್ ಜೊತೆಗೇ ಬರುತ್ತೆ ಮೇಡಂ, 500 ವ್ಯಾಟ್ ಇದೆ, ಧಾರಾಳವಾಗಿ ಸಾಕು” ಎಂದರು. ಮನೆಯ ಗೋಡೆಯಿಂದ ಬರುವ 230 ವೋಲ್ಟ್ ಕರೆಂಟನ್ನು ಕಂಪ್ಯೂಟರಿನ ಒಳಗಿನ ಎಲ್ಲಕ್ಕೂ ಪಳಗಿಸಿ ಹಂಚುವ ಪೆಟ್ಟಿಗೆ ಅದು. ಆದರೆ ಅದು ಪರದೆಯ ಮೇಲೆ ಏನನ್ನೂ ತೋರಿಸುವುದಿಲ್ಲವಾದ್ದರಿಂದ ಅದರ ಬಗ್ಗೆ ಕೊಳ್ಳುವವರಿಗೂ ಆಸಕ್ತಿಯಿಲ್ಲ, ಮಾರುವವರಿಗೆ ಉಳಿತಾಯ ಮಾಡಲು ಅದಕ್ಕಿಂತ ಒಳ್ಳೆಯ ಜಾಗವೂ ಇಲ್ಲ.

ಏಳನೆಯ ವಾರದ ಹೊತ್ತಿಗೆ ಕಂಪ್ಯೂಟರ್ ಆಟದ ನಡುವೆ ತಾನಾಗಿಯೇ ಆರಿಹೋಗತೊಡಗಿತು. ಓದಿಗೆ, ಸಿನಿಮಾಗೆ ಏನೂ ತೊಂದರೆಯಿರಲಿಲ್ಲವಾದ್ದರಿಂದ ಆಟದಲ್ಲೇ ದೋಷವಿರಬೇಕು ಎಂದುಕೊಂಡು ಸುಮ್ಮನಾದೆವು. ಒಂದು ಭಾನುವಾರ ಸುಟ್ಟ ವಾಸನೆ ಬಂದು ಪೂರ್ತಿ ನಿಂತುಹೋಯಿತು. ನಮ್ಮ ಬಡಾವಣೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಹುಡುಗ ಬಂದು ಎಸ್‌ಎಂಪಿಎಸ್ ಬಿಚ್ಚಿ ಕೈಯಲ್ಲಿ ಹಿಡಿದು, ಮೊದಲು ಹೇಳಿದ ಮಾತೇ “ಆಂಟಿ, ಇದು ಹಗುರ ಇದೆ” ಎಂಬುದು. ಆಮೇಲೆ ಅದರ ಪಕ್ಕೆಗೆ ಅಂಟಿಸಿದ್ದ ಚೀಟಿ ತೋರಿಸಿದ. ಮೇಲೆ ದಪ್ಪಕ್ಷರದಲ್ಲಿ 500 ವ್ಯಾಟ್ ಎಂದಿತ್ತು. ಕೆಳಗಿನ ಸಣ್ಣ ಕೋಷ್ಟಕದಲ್ಲಿ +12 ವೋಲ್ಟಿನ ಎದುರು 18 ಆಂಪಿಯರ್ ಎಂದಿತ್ತು. ಈಗಿನ ಪ್ರೊಸೆಸರಿಗೂ ಗ್ರಾಫಿಕ್ಸ್ ಕಾರ್ಡಿಗೂ ಬೇಕಾದ ವಿದ್ಯುತ್ತು ಬಹುಪಾಲು ಬರುವುದು ಆ 12 ವೋಲ್ಟಿನ ಸಾಲಿನಿಂದಲೇ. ಹನ್ನೆರಡನ್ನು ಹದಿನೆಂಟರಿಂದ ಗುಣಿಸಿದರೆ 216 ವ್ಯಾಟ್. ಆರ್‌ಟಿಎಕ್ಸ್ 3060 ಒಂದೇ 170 ವ್ಯಾಟ್ ಬೇಡುತ್ತದೆ, ರೈಜನ್ 5600 ಪೂರ್ತಿ ದುಡಿಯುವಾಗ 76 ವ್ಯಾಟಿನವರೆಗೆ ಎಳೆಯುತ್ತದೆ. ಎರಡೂ ಸೇರಿ 246. ಫ್ಯಾನು, ಡಿಸ್ಕುಗಳ ಲೆಕ್ಕ ಬೇರೆ. ಖಾತೆಯಲ್ಲಿ 216 ಇಟ್ಟುಕೊಂಡು 246ಕ್ಕೆ ಚೆಕ್ ಬರೆದಂತಾಗಿತ್ತು! ಈ ಗುಣಾಕಾರಕ್ಕೆ ನನಗೆ ಕಂಪ್ಯೂಟರ್ ಜ್ಞಾನ ಬೇಕಿರಲಿಲ್ಲ, ಕೊಳ್ಳುವ ದಿನ ಆ ಚೀಟಿಯನ್ನು ನೋಡಬೇಕೆಂಬುದು ಗೊತ್ತಿರಬೇಕಿತ್ತು, ಅಷ್ಟೆ.

ಹೋಗುವಾಗ ಆ ಎಸ್‌ಎಂಪಿಎಸ್, ಎಲ್ಲ ಭಾಗಗಳನ್ನೂ ಜೋಡಿಸುವ ಮುಖ್ಯ ಹಲಗೆಯಾದ ಮದರ್‌ಬೋರ್ಡನ್ನೂ ಕರೆದುಕೊಂಡು ಹೋಯಿತು. ಗ್ರಾಫಿಕ್ಸ್ ಕಾರ್ಡ್ ಉಳಿದದ್ದು ನಮ್ಮ ಪುಣ್ಯ. ಬೋರ್ಡಿಗೆ ಮೂರು ವರ್ಷದ ವಾರಂಟಿ ಇದೆಯೆಂಬ ಧೈರ್ಯದಿಂದ ತಯಾರಕರ ಸೇವಾ ಕೇಂದ್ರಕ್ಕೆ ಹೋದರೆ, ಸೀರಿಯಲ್ ನಂಬರ್ ನಮೂದಿಸಿರುವ ಬಿಲ್ಲು ಕೊಡಿ ಎಂದರು. ನನ್ನ ಬಿಲ್ಲಿನಲ್ಲಿ ನಂಬರ್ ಹಾಗಿರಲಿ, ಮದರ್‌ಬೋರ್ಡ್ ಎಂಬ ಪದವೇ ಇರಲಿಲ್ಲ. ಅಂಗಡಿಗೆ ಮೂರು ಸಲ ಅಲೆದೆ. ಅವರು ಅಂಥದ್ದೇ ಇನ್ನೊಂದು ಎಸ್‌ಎಂಪಿಎಸ್ ಉಚಿತವಾಗಿ ಕೊಟ್ಟರು, ಬೋರ್ಡಿಗೆ ಕೈ ಅಲ್ಲಾಡಿಸಿದರು. ಉಚಿತದ ಪೆಟ್ಟಿಗೆಯನ್ನು ಆ ಹುಡುಗ ಹಾಕಲು ಒಪ್ಪಲಿಲ್ಲ. ಕೊನೆಗೆ ಹೊಸ ಬೋರ್ಡಿಗೆ ₹9,500, ಐದು ವರ್ಷದ ವಾರಂಟಿಯಿರುವ 550 ವ್ಯಾಟಿನ ಎಸ್‌ಎಂಪಿಎಸ್‌ಗೆ ₹4,500 ತೆತ್ತೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯನ್ನು ನಾನು ಓದಿದ್ದು ಇದೆಲ್ಲ ಮುಗಿದ ಮೇಲೆ. ಬಿಲ್ಲು ಕೊಡದಿರುವುದನ್ನು ಆ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಹಾಗೆ ಹೇಳಿಲ್ಲದಿದ್ದರೆ 30 ದಿನದೊಳಗೆ, ಹಿಂದಕ್ಕೆ ಪಡೆಯಲು ಒಪ್ಪದಿರುವುದನ್ನೂ ಅದೇ ಸಾಲಿಗೆ ಸೇರಿಸಿದೆ. ‘ಮಾರಿದ ವಸ್ತು ವಾಪಸಿಲ್ಲ’ ಎಂದು ಬರೆದು ನೇತುಹಾಕಿರುವ ಅಂಗಡಿಗಳು ಇದನ್ನು ಗಮನಿಸಬೇಕು. ಐದು ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವಿಲ್ಲ, ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿಯೂ ದೂರಬಹುದು. ಇಷ್ಟೆಲ್ಲ ಇದ್ದರೂ ನಾನು ದೂರು ಕೊಡಲಿಲ್ಲ. ನನ್ನದು ಏಳನೆಯ ವಾರ. ಅಲ್ಲದೆ ಕೊಂಡದ್ದು ಇದೇ ಬೋರ್ಡು, ಇದೇ ಎಸ್‌ಎಂಪಿಎಸ್ ಎಂದು ತೋರಿಸಲು ನನ್ನ ಬಳಿ ಕಾಗದವಿರಲಿಲ್ಲ. ಬಿಲ್ಲು ಕೊಡಬೇಕೆಂಬ ನಿಯಮವನ್ನು ಅಂಗಡಿ ಪಾಲಿಸಿತ್ತು, ಬಿಲ್ಲಿನಿಂದ ಆಗಬೇಕಾದ ಕೆಲಸ ಮಾತ್ರ ಆಗಿರಲಿಲ್ಲ.

ಬಿಡಿಭಾಗಗಳ ಹೆಸರನ್ನು ಬರೆಯುವ ಅಂಗಡಿಗಳಲ್ಲೂ ಹೆಸರು ಅರ್ಧಕ್ಕೇ ನಿಲ್ಲುವುದುಂಟು. ‘ಐ5, 16 ಜಿಬಿ, 4 ಜಿಬಿ ಗ್ರಾಫಿಕ್ಸ್’ ಎಂಬ ಜಾಹೀರಾತುಗಳನ್ನು ಎಲ್ಲರೂ ನೋಡಿರುತ್ತಾರೆ. ಐ5 ಎಂಬುದು ಇಂಟೆಲ್ ಪ್ರೊಸೆಸರುಗಳ ಒಂದು ಸರಣಿಯ ಹೆಸರು: 2013ರ ಐ5-4570 ಕೂಡ ಐ5, 2022ರ ಐ5-12400 ಕೂಡ ಐ5. ಮೊದಲನೆಯದು ವಿಂಡೋಸ್ 11ರ ಅಧಿಕೃತ ಅರ್ಹತಾ ಪಟ್ಟಿಯಲ್ಲೇ ಇಲ್ಲ, ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 2014ರ ಜಿಟಿ 730 ಕಾರ್ಡು 4 ಜಿಬಿ ಮೆಮೊರಿಯೊಂದಿಗೂ ಬಂದಿತ್ತು. ಈಗಿನ ದೊಡ್ಡ ಆಟಗಳನ್ನು ಅದರ ಮೇಲೆ ಆಡಿಸಹೊರಟರೆ ಪರದೆಯ ಮೇಲೆ ಕಾಣುವುದು ಆಟವಲ್ಲ, ಸ್ಲೈಡ್ ಷೋ. ಒಂದೇ ಒಂದು ಅಕ್ಷರವೂ ಇಲ್ಲಿ ಮುಖ್ಯ: ರೈಜನ್ 5600ಜಿಯಲ್ಲಿ ಚಿತ್ರ ಮೂಡಿಸುವ ಭಾಗ ಒಳಗೇ ಇದೆ, 5600ರಲ್ಲಿ ಇಲ್ಲ. ಎರಡನೆಯದನ್ನು ಕೊಂಡು ಗ್ರಾಫಿಕ್ಸ್ ಕಾರ್ಡನ್ನು ಮುಂದಿನ ತಿಂಗಳ ಸಂಬಳಕ್ಕೆ ನೋಡೋಣ ಎಂದುಕೊಂಡರೆ ಅಲ್ಲಿಯವರೆಗೆ ಮಾನಿಟರಿನಲ್ಲಿ ಕತ್ತಲೆಯೇ.

ಹಳೆಯ ಆಫೀಸ್ ಕಂಪ್ಯೂಟರಿಗೆ ಕಾರ್ಡು ಹಾಕಿಸಿ ಕಡಿಮೆ ಖರ್ಚಿನಲ್ಲಿ ಮುಗಿಸಬೇಕೆನ್ನುವವರಿಗೂ ಪ್ರಶ್ನೆ ಎಸ್‌ಎಂಪಿಎಸ್‌ನದ್ದೇ. ಮದರ್‌ಬೋರ್ಡಿನ ಸ್ಲಾಟಿನಿಂದ ಕಾರ್ಡಿಗೆ ಸಿಗುವುದು ಹೆಚ್ಚೆಂದರೆ 75 ವ್ಯಾಟ್. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ಬೇರೆಯೇ ಕೇಬಲ್ ಬರಬೇಕು, ಹಳೆಯ ಆಫೀಸ್ ಪೆಟ್ಟಿಗೆಗಳಲ್ಲಿ ಆ ಕೇಬಲ್ ಇರುವುದು ಅಪರೂಪ. 2019ರ ಜಿಟಿಎಕ್ಸ್ 1650ರ ಕೆಲವು ಮಾದರಿಗಳು ಕೇಬಲ್ ಇಲ್ಲದೆ ಆ 75 ವ್ಯಾಟಿನಲ್ಲೇ ನಡೆಯುತ್ತವೆ. ಕ್ಯಾಬಿನೆಟ್ ಚಿಕ್ಕದಾಗಿದ್ದರೆ ಕಾರ್ಡಿನ ಎತ್ತರವನ್ನೂ ಅಳೆದುಕೊಂಡೇ ಹೊರಡಬೇಕು.

ದುಡ್ಡು ಖರ್ಚಾಗದೆ ಸಿಕ್ಕಿದ್ದನ್ನೂ ಹೇಳಬೇಕು. ಹೊಸ ಬೋರ್ಡು ಹಾಕಲು ಬಂದ ದಿನ ಆ ಹುಡುಗ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆದು ನೋಡಿ ನಕ್ಕುಬಿಟ್ಟ. 165 ಹರ್ಟ್ಸ್ ಎಂದು ಹೆಚ್ಚು ಹಣ ಕೊಟ್ಟು ತಂದಿದ್ದ ಮಾನಿಟರ್ ಏಳು ವಾರವೂ 60ರಲ್ಲೇ ಓಡಿತ್ತು. 3200 ಎಂದು ಮೈಮೇಲೆ ಬರೆದುಕೊಂಡಿದ್ದ ರ‍್ಯಾಮನ್ನು ಹೊಸ ಬೋರ್ಡು 2133 ಎಂದೇ ತೆಗೆದುಕೊಂಡಿತು. ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಬಯೋಸ್ ಎಂಬ ಸೆಟ್ಟಿಂಗ್ಸ್ ಪುಟಕ್ಕೆ ಹೋಗಿ ಎಕ್ಸ್‌ಎಂಪಿ ಎಂಬ ಆಯ್ಕೆಯನ್ನು ಒತ್ತಿದ ಮೇಲೆಯೇ ಅದು ತನ್ನ ನಿಜವಾದ ವೇಗಕ್ಕೆ ಬಂದದ್ದು. ಅಂಗಡಿಯವರು 8 ಜಿಬಿಯ ಜೋಡಿಯ ಬದಲು 16 ಜಿಬಿಯ ಒಂದೇ ರ‍್ಯಾಮ್ ಪಟ್ಟಿ ಹಾಕಿದ್ದರಿಂದ ಪ್ರೊಸೆಸರ್ ಎರಡು ದಾರಿಯ ಬದಲು ಒಂದೇ ದಾರಿಯಲ್ಲಿ ರ‍್ಯಾಮಿನ ಜೊತೆ ವ್ಯವಹರಿಸುತ್ತಿತ್ತು. ಜೋಡಿ ಪಟ್ಟಿಗಳಿದ್ದಾಗ ನಾಲ್ಕು ಸ್ಲಾಟಿನ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕಬೇಕಂತೆ. ಇದೆಲ್ಲ ಕನ್ನಡದಲ್ಲಿ ಒಂದು ಪುಟದಷ್ಟು ಬರೆದರೆ ಮುಗಿಯುವ ವಿಷಯ. ತಮ್ಮ ಪತ್ರಿಕೆ ಹೊಸ ಮೊಬೈಲ್ ಬಂದಾಗಲೆಲ್ಲ ಕೊಡುವ ಜಾಗದಲ್ಲಿ ಒಂದು ವಾರದ್ದನ್ನು ಇದಕ್ಕೆ ಕೊಡಬಾರದೇ?

ಅಂಗಡಿಯವರೆಲ್ಲರೂ ಹೀಗೆಯೇ ಎಂದು ಹೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ಕಳೆದ ತಿಂಗಳು ನನ್ನ ತಂಗಿಯ ಮಗಳಿಗೆ ಕಂಪ್ಯೂಟರ್ ಕೊಡಿಸಲು ಅದೇ ರಸ್ತೆಯ ಬೇರೊಂದು ಅಂಗಡಿಗೆ ಹೋದೆವು. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ‍್ಯಾಮಿನ ಬೆಲೆ ಏರಿರುವುದರಿಂದ ಗ್ರಾಫಿಕ್ಸ್ ಕಾರ್ಡನ್ನು ಒಂದು ಮೆಟ್ಟಿಲು ಕೆಳಗಿಳಿಸಬೇಕಾಯಿತು. ಎಸ್‌ಎಂಪಿಎಸ್ ಮಾತ್ರ ನಾನೇ ಚೀಟಿ ಓದಿ, ಗುಣಿಸಿ ನೋಡಿ ಆರಿಸಿದೆ. ಪ್ರತಿಯೊಂದರ ಮಾದರಿಯನ್ನೂ ಸೀರಿಯಲ್ ನಂಬರನ್ನೂ ಬಿಲ್ಲಿನಲ್ಲಿ ಬರೆಯಬೇಕೆಂದು ದುಡ್ಡು ಕೊಡುವ ಮೊದಲೇ ಕೇಳಿದೆ. ಅಂಗಡಿಯ ಹುಡುಗ ಡಬ್ಬಗಳನ್ನು ಸಾಲಾಗಿ ಜೋಡಿಸಿಕೊಂಡು ಒಂದೊಂದಕ್ಕೂ ಬಾರ್‌ಕೋಡ್ ಯಂತ್ರ ಹಿಡಿದ. ಹತ್ತು ನಿಮಿಷವೂ ಹಿಡಿಯಲಿಲ್ಲ, ಯಾರ ಮುಖವೂ ಕೆಡಲಿಲ್ಲ. ಯಂತ್ರ ಅಲ್ಲಿ ಮೊದಲಿನಿಂದಲೂ ಇತ್ತು, ನನ್ನ ಹಳೆಯ ಅಂಗಡಿಯ ಮೇಜಿನ ಮೇಲೂ ಇದ್ದ ನೆನಪು. ಸಾದರ ಪತ್ರಪ್ಪ ರಸ್ತೆಯ ವರ್ತಕರು ಗ್ರಾಹಕರು ಕೇಳುವ ಮೊದಲೇ ಹೀಗೆ ಬರೆದುಕೊಡುವುದನ್ನು ರೂಢಿ ಮಾಡಿಕೊಳ್ಳಬೇಕು, ವಾಣಿಜ್ಯ ತೆರಿಗೆ ಇಲಾಖೆಯವರು ಜಿಎಸ್‌ಟಿ ಬಿಲ್ಲಿನಲ್ಲಿ ಸರಕಿನ ವಿವರ ಇರಲೇಬೇಕೆಂಬ ನಿಯಮ ಅಸೆಂಬಲ್ಡ್ ಕಂಪ್ಯೂಟರಿನ ಒಳಗಿನ ಭಾಗಗಳಿಗೂ ಮುಟ್ಟುವಂತೆ ಸ್ಪಷ್ಟಪಡಿಸಬೇಕು ಎಂಬುದು ನನ್ನ ಕೋರಿಕೆ.

ತಂಗಿಯ ಮಗಳ ಬಿಲ್ಲಿನಲ್ಲಿ ಒಂಬತ್ತು ಸಾಲುಗಳಿವೆ, ನನ್ನದರಲ್ಲಿ ಒಂದು. ಎರಡೂ ಅಂಗಡಿಗಳ ಹೆಸರನ್ನು ಮರೆಮಾಡಿ, ಎರಡು ಬಿಲ್ಲುಗಳ ನಕಲನ್ನೂ ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ.

ಇಂತಿ,
ತಮ್ಮ ಪತ್ರಿಕೆಯ ಓದುಗಳು
ಹನುಮಂತನಗರ, ಬೆಂಗಳೂರು